ಹಳೆಯ ನೆಗಡಿಯ ನೆನಪು ಕೊರೊನಾವನ್ನು ತಡೆಯಬಲ್ಲುದೆ?



ಲೋಕಿಕೆರೆಯ ಸುತ್ತಮುತ್ತಲಿನ ಹಳ್ಳಿಗಳಿಂದ ಚಿಕಿತ್ಸೆಗೆಂದು ಬರುವ ಹಿರಿಯರು ಇಂದಿಗೂ ಒಂದು ಮಾತನ್ನು ಕೇಳುತ್ತಾರೆ. “ನಮಗೇನ್ರೀ ಡಾಕ್ಟ್ರೇ, ವರ್ಷಕ್ಕೆ ಮೂರು ಸಲ ನೆಗಡಿ ಬರ್ತೈತಿ, ಹೋಗ್ತೈತಿ. ಮೈ ಅದಕ್ಕೆ ಒಗ್ಗಿ ಹೋಗೈತಿ. ಈ ಕೊರೊನಾ ನಮಗೇನ್ ಮಾಡೀತು?” ಗದ್ದೆಯ ಕೆಸರಿನಲ್ಲಿ, ಮೆಕ್ಕೆಜೋಳದ ಕಣದ ಧೂಳಿನಲ್ಲಿ ಬದುಕು ಸವೆಸಿದವರ ಆತ್ಮವಿಶ್ವಾಸ ಈ ಮಾತಿನಲ್ಲಿದೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಜಗತ್ತಿನ ಹೆಸರಾಂತ ವಿಜ್ಞಾನಿಗಳೂ 2020ರಲ್ಲಿ ಇದೇ ಪ್ರಶ್ನೆಯನ್ನು ತಮ್ಮ ಪ್ರಯೋಗಾಲಯಗಳಲ್ಲಿ ಕೇಳಿಕೊಂಡರು. ಅವರಿಗೆ ದೊರೆತ ಉತ್ತರದಲ್ಲಿ ನಮ್ಮ ಹಿರಿಯರ ಮಾತನ್ನು ಒಪ್ಪುವ ಅಂಶವೂ ಇದೆ, ಎಚ್ಚರಿಸುವ ಅಂಶವೂ ಇದೆ. ಮೊದಲನೆಯದನ್ನಷ್ಟೇ ಹಿಡಿದು ಎರಡನೆಯದನ್ನು ಬಿಟ್ಟರೆ ಜೀವಕ್ಕೆ ಅಪಾಯವಾಗಬಹುದು. ಆದ್ದರಿಂದ ಎರಡನ್ನೂ ಈ ಸಂಚಿಕೆಯಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ.

ನೆಗಡಿಯ ಬಳಗದಲ್ಲಿ ಕೊರೊನಾ

ನೆಗಡಿ ಎಂಬುದು ಒಂದೇ ರೋಗಾಣುವಿನಿಂದ ಬರುವ ಕಾಯಿಲೆಯಲ್ಲ. ಇನ್ನೂರಕ್ಕೂ ಹೆಚ್ಚು ಬಗೆಯ ವೈರಾಣುಗಳು ಮೂಗು, ಗಂಟಲುಗಳನ್ನು ಹಿಡಿದು ನೆಗಡಿಯನ್ನುಂಟುಮಾಡುತ್ತವೆ. ಅವುಗಳಲ್ಲಿ ರೈನೋವೈರಸ್ ಎಂಬ ಗುಂಪಿನದೇ ದೊಡ್ಡ ಪಾಲು. ಆದರೆ ಕೊರೊನಾ ವೈರಾಣುಗಳಲ್ಲಿಯೂ ನಾಲ್ಕು ಬಗೆಗಳು ಬಹುಕಾಲದಿಂದ ಮನುಷ್ಯರ ನಡುವೆ ಸುಳಿದಾಡುತ್ತಿವೆ. 229ಇ, ಒಸಿ43, ಎನ್‌ಎಲ್63, ಎಚ್‌ಕೆಯು1 ಎಂಬವು ವಿಜ್ಞಾನಿಗಳು ಅವಕ್ಕಿಟ್ಟ ಗುರುತುಗಳು. ನೆಗಡಿಗಳಲ್ಲಿ ಒಂದು ಗಣನೀಯ ಭಾಗ ಇವುಗಳಿಂದಲೇ ಬರುತ್ತದೆ. ಹೀಗಾಗಿ ನಾವೆಲ್ಲರೂ ಬಾಲ್ಯದಲ್ಲಿಯೇ, ಹೆಸರು ತಿಳಿಯದೆಯೇ, ಕೊರೊನಾ ಬಳಗದ ಪರಿಚಯ ಮಾಡಿಕೊಂಡವರು.

ಈ ಬಳಗಕ್ಕೆ ಹೆಸರು ಬಂದ ಬಗೆಯೂ ತಿಳಿಯತಕ್ಕದ್ದು. ಎರಡನೆಯ ಮಹಾಯುದ್ಧದ ನಂತರ ಇಂಗ್ಲೆಂಡಿನ ಸಾಲಿಸ್‌ಬರಿ ಎಂಬಲ್ಲಿ ನೆಗಡಿಯ ಅಧ್ಯಯನಕ್ಕೆಂದೇ ಒಂದು ಕೇಂದ್ರವಿತ್ತು. ಅಲ್ಲಿನ ವೈದ್ಯ ಡೇವಿಡ್ ಟಿರೆಲ್ ಅವರಿಗೆ 1960ರ ದಶಕದಲ್ಲಿ ಪರಿಚಯವಿಲ್ಲದ ಒಂದು ನೆಗಡಿಯ ವೈರಾಣು ದೊರೆಯಿತು. ಅದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡು ಚಿತ್ರಿಸಿದವರು ಜೂನ್ ಅಲ್ಮೇಡಾ ಎಂಬ ಮಹಿಳೆ. ಸ್ಕಾಟ್ಲೆಂಡಿನ ಬಸ್ ಚಾಲಕರೊಬ್ಬರ ಮಗಳಾದ ಆಕೆ ಹದಿನಾರನೆಯ ವಯಸ್ಸಿಗೇ ಶಾಲೆ ಬಿಡಬೇಕಾಗಿ ಬಂದಿತ್ತು. ವೈರಾಣುವಿನ ಸುತ್ತ ಮುಳ್ಳುಗಳಂತೆ ಚಾಚಿದ ಭಾಗಗಳು ಪ್ರಭಾವಳಿಯಂತೆ ತೋರಿದ್ದರಿಂದ 1968ರಲ್ಲಿ ಅದಕ್ಕೆ ಕೊರೊನಾ ಎಂಬ ಹೆಸರು ಬಂದಿತು. ಎನ್‌ಎಲ್63 ಬಗೆ 2004ರಲ್ಲಿ ನೆದರ್ಲೆಂಡ್ಸ್‌ನಲ್ಲಿಯೂ ಎಚ್‌ಕೆಯು1 ಬಗೆ 2005ರಲ್ಲಿ ಹಾಂಗ್‌ಕಾಂಗ್‌ನಲ್ಲಿಯೂ ಪತ್ತೆಯಾದವು.

ಒಸಿ43ರ ವಿಷಯವಾಗಿ ರೈತಬಾಂಧವರಿಗೆ ಕುತೂಹಲವೆನಿಸುವ ಸಂಗತಿಯೊಂದಿದೆ. ದನಗಳಲ್ಲಿ ಕಾಣುವ ಕೊರೊನಾ ವೈರಾಣುವಿಗೂ ಇದಕ್ಕೂ ಹತ್ತಿರದ ಸಂಬಂಧವಿದೆ. ಇವೆರಡೂ 1890ರ ಸುಮಾರಿಗೆ ಕವಲೊಡೆದಿರಬೇಕೆಂದು ಬೆಲ್ಜಿಯಂ ದೇಶದ ವಿಜ್ಞಾನಿಗಳು 2005ರಲ್ಲಿ ಲೆಕ್ಕ ಹಾಕಿದರು. 1889–90ರಲ್ಲಿ ಜಗತ್ತನ್ನು ಕಾಡಿದ ‘ರಷ್ಯನ್ ಜ್ವರ’ಕ್ಕೆ ಇದೇ ವೈರಾಣು ಕಾರಣವಿರಬಹುದೆಂದು ಕೆಲವರು ಊಹಿಸುತ್ತಾರೆ. ಅದು ಸಾಬೀತಾಗಿಲ್ಲ. ಆದರೆ ಒಂದು ಕಾಲದಲ್ಲಿ ಮಾರಕವಾಗಿದ್ದ ವೈರಾಣು ತಲೆಮಾರುಗಳು ಕಳೆದಂತೆ ಸಾಮಾನ್ಯ ನೆಗಡಿಯಾಗಿ ಉಳಿಯುವುದು ಅಸಂಭವವೇನಲ್ಲ.

ಶರೀರದ ನೆನಪು ಎರಡು ಬಗೆ

ಒಮ್ಮೆ ಬಂದ ರೋಗಾಣುವನ್ನು ಶರೀರವು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಈ ನೆನಪಿಗೆ ಮುಖ್ಯವಾಗಿ ಎರಡು ಆಧಾರಗಳಿವೆ. ಮೊದಲನೆಯದು ರಕ್ತದಲ್ಲಿಯೂ ಮೂಗು ಗಂಟಲುಗಳ ಪಸೆಯಲ್ಲಿಯೂ ಇರುವ ಪ್ರತಿಕಾಯಗಳು. ಎರಡನೆಯದು ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯಾದ ಟಿ ಜೀವಕೋಶಗಳು.

ಹಿಂದೆ ಊರ ಅಗಸೆಯಲ್ಲಿ ತಳವಾರ ಕಾವಲಿರುತ್ತಿದ್ದುದನ್ನು ಹಿರಿಯರು ಬಲ್ಲರು. ಪ್ರತಿಕಾಯಗಳು ಆ ತಳವಾರನಂತೆ. ಬರುವವನ ಮುಖ ಗುರುತು ಹಿಡಿದು ಅಗಸೆಯಲ್ಲಿಯೇ ತಡೆಯುವುದು ಅವುಗಳ ಕೆಲಸ. ಆದರೆ ಕಳ್ಳನು ವೇಷ ಬದಲಿಸಿ ಬಂದರೆ ತಳವಾರನು ಮೋಸಹೋಗಬಹುದು. ಟಿ ಜೀವಕೋಶಗಳಾದರೋ ಊರೊಳಗೆ ಗಸ್ತು ತಿರುಗುವವರಂತೆ. ಕಳ್ಳನು ಯಾವ ಮನೆಗೆ ನುಗ್ಗಿದ್ದಾನೆಂಬುದನ್ನು ಅವು ಕಂಡುಹಿಡಿಯುತ್ತವೆ, ಸೋಂಕು ತಗುಲಿದ ಜೀವಕೋಶಗಳನ್ನು ನಾಶಮಾಡುತ್ತವೆ. ಅವು ವೈರಾಣುವಿನ ಹೊರಗಿನ ಮುಳ್ಳನ್ನಷ್ಟೇ ಅಲ್ಲ, ಅದರ ಒಳಗಿನ ಭಾಗಗಳನ್ನೂ ಗುರುತಿಸಬಲ್ಲವು.

ನೆಗಡಿಯ ಕೊರೊನಾಗಳಿಗೂ 2019ರ ಕೊನೆಯಲ್ಲಿ ಕಾಣಿಸಿಕೊಂಡ ಹೊಸ ಕೊರೊನಾಗೂ ಹೊರಗಿನ ಮುಳ್ಳಿನ ತುದಿಯಲ್ಲಿ ಬಹಳ ವ್ಯತ್ಯಾಸವಿದೆ. ಆದರೆ ಒಳಗಿನ ಕೆಲವು ಭಾಗಗಳಲ್ಲಿ ಸಾಕಷ್ಟು ಹೋಲಿಕೆಯಿದೆ. ಹಾಗಾದರೆ ಹಳೆಯ ನೆಗಡಿಯಿಂದ ಪಾಠ ಕಲಿತ ಟಿ ಜೀವಕೋಶಗಳು ಹೊಸ ವೈರಾಣುವಿನ ಗುರುತನ್ನೂ ಹಿಡಿದಾವೆ ಎಂಬುದೇ ವಿಜ್ಞಾನಿಗಳ ಮುಂದಿದ್ದ ಪ್ರಶ್ನೆ.

ಚಕ್ರಪಾಣಿಯ ಎರಡು ಮಾತು

ಸಂಶೋಧನೆಯ ಫಲಿತಾಂಶಕ್ಕೆ ಬರುವ ಮೊದಲು ಆಯುರ್ವೇದದ ಒಂದು ವಿಚಾರವನ್ನು ಇಲ್ಲಿ ನೆನೆಯುವುದು ಉಚಿತ. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಎಲ್ಲ ಶರೀರಗಳಿಗೂ ರೋಗವನ್ನು ಸಹಿಸುವ ಶಕ್ತಿ ಒಂದೇ ಸಮನಾಗಿ ಇರುವುದಿಲ್ಲವೆಂದು ಹೇಳಿದೆ. ಹನ್ನೊಂದನೆಯ ಶತಮಾನದ ವ್ಯಾಖ್ಯಾನಕಾರ ಚಕ್ರಪಾಣಿದತ್ತನು ಈ ವ್ಯಾಧಿಕ್ಷಮತ್ವವನ್ನು ವಿವರಿಸುತ್ತ ಅದರಲ್ಲಿ ಎರಡು ಅಂಶಗಳನ್ನು ಬೇರ್ಪಡಿಸಿದ್ದಾನೆ. ರೋಗವು ಹುಟ್ಟದಂತೆಯೇ ತಡೆಯುವುದು ಒಂದು. ಹುಟ್ಟಿದ ರೋಗದ ಬಲವನ್ನು ಎದುರಿಸಿ ಕುಗ್ಗಿಸುವುದು ಇನ್ನೊಂದು.

ಪ್ರಾಚೀನರಿಗೆ ವೈರಾಣುವಾಗಲಿ ಟಿ ಜೀವಕೋಶವಾಗಲಿ ತಿಳಿದಿತ್ತೆಂದು ನಾನು ಹೇಳುವುದಿಲ್ಲ. ಅಂತಹ ಮಾತಿನಿಂದ ಶಾಸ್ತ್ರಕ್ಕೆ ಗೌರವ ಹೆಚ್ಚುವುದಿಲ್ಲ. ಆದರೆ ಅವರು ರೋಗಿಗಳನ್ನು ಕಂಡು ಮಾಡಿದ ಈ ವಿಂಗಡಣೆ ಇಂದಿಗೂ ಉಪಯುಕ್ತವಾಗಿದೆ. “ನೆಗಡಿ ಬಂದವರಿಗೆ ಕೊರೊನಾ ಬರುವುದಿಲ್ಲವೆ?” ಎಂಬುದು ಒಂದು ಪ್ರಶ್ನೆ. “ನೆಗಡಿ ಬಂದವರಿಗೆ ಕೊರೊನಾ ಬಂದರೂ ಹಗುರವಾಗಿರುತ್ತದೆಯೆ?” ಎಂಬುದು ಬೇರೆಯೇ ಪ್ರಶ್ನೆ. ಇವೆರಡನ್ನೂ ಒಂದೆಂದು ತಿಳಿದಿದ್ದರಿಂದಲೇ ಜನರಲ್ಲಿ ಗೊಂದಲ ಉಂಟಾಯಿತು.

ಸಂಶೋಧನೆ ಹೇಳಿದ್ದೇನು?

ಅಮೆರಿಕದ ಕ್ಯಾಲಿಫೋರ್ನಿಯಾದ ಲಾ ಹೋಯಾ ಸಂಸ್ಥೆಯ ವಿಜ್ಞಾನಿಗಳು ಮಹಾಮಾರಿ ಬರುವುದಕ್ಕೆ ಮುಂಚೆ, 2015ರಿಂದ 2018ರ ನಡುವೆ, ಸಂಗ್ರಹಿಸಿಟ್ಟಿದ್ದ ರಕ್ತವನ್ನು ಪರೀಕ್ಷಿಸಿದರು. ಆ ರಕ್ತ ಕೊಟ್ಟವರು ಹೊಸ ಕೊರೊನಾವನ್ನು ಕಂಡಿರಲು ಸಾಧ್ಯವೇ ಇರಲಿಲ್ಲ. ಆದರೂ ಅವರಲ್ಲಿ ಶೇ. 40ರಿಂದ 60ರಷ್ಟು ಮಂದಿಯಲ್ಲಿ ಹೊಸ ವೈರಾಣುವನ್ನು ಗುರುತಿಸುವ ಟಿ ಜೀವಕೋಶಗಳು ಕಂಡುಬಂದವು. ಇದು ಪ್ರಕಟವಾದದ್ದು 2020ರಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ ಅದೇ ಸಂಸ್ಥೆಯವರು, ಇಂತಹ ಜೀವಕೋಶಗಳಲ್ಲಿ ಕೆಲವು ನೆಗಡಿಯ ಕೊರೊನಾಗಳನ್ನೂ ಹೊಸ ಕೊರೊನಾವನ್ನೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಗುರುತಿಸುತ್ತವೆಂದು ತೋರಿಸಿದರು.

ನಮ್ಮ ದೇಶದಲ್ಲಿಯೂ ಈ ಕೆಲಸ ನಡೆಯಿತು. ದೆಹಲಿಯ ರಾಷ್ಟ್ರೀಯ ರೋಗನಿರೋಧಶಾಸ್ತ್ರ ಸಂಸ್ಥೆಯ ನಿಮೇಶ್ ಗುಪ್ತ ಮತ್ತು ಅವರ ಸಹೋದ್ಯೋಗಿಗಳು, ಸೋಂಕು ತಗುಲದ ಭಾರತೀಯರ ರಕ್ತವನ್ನು ಪರೀಕ್ಷಿಸಿದಾಗ ಸುಮಾರು ಮೂರರಲ್ಲಿ ಎರಡು ಪಾಲು ಜನರಲ್ಲಿ ಇಂತಹ ಟಿ ಜೀವಕೋಶಗಳಿದ್ದವು. ಆದ್ದರಿಂದ ಹಳೆಯ ನೆಗಡಿಯ ನೆನಪು ಎಂಬುದು ಬರಿಯ ಕಲ್ಪನೆಯಲ್ಲ. ಅದು ನಮ್ಮವರ ಮೈಯಲ್ಲಿಯೂ ಇದೆ.

ಆದರೆ ನೆನಪು ಇರುವುದು ಬೇರೆ, ಅದು ಉಪಯೋಗಕ್ಕೆ ಬರುವುದು ಬೇರೆ. ಬಾಸ್ಟನ್ ನಗರದ ವೈದ್ಯರು, ಹಿಂದಿನ ಕೆಲವು ವರ್ಷಗಳಲ್ಲಿ ನೆಗಡಿಯ ಕೊರೊನಾ ಬಂದಿತ್ತೆಂದು ಪರೀಕ್ಷೆಯಲ್ಲಿ ದಾಖಲಾಗಿದ್ದವರನ್ನೂ ಹಾಗೆ ದಾಖಲಾಗದವರನ್ನೂ ಹೋಲಿಸಿ ನೋಡಿದರು. ಹೊಸ ಕೊರೊನಾ ಸೋಂಕು ತಗುಲುವುದರಲ್ಲಿ ಇಬ್ಬರಿಗೂ ವ್ಯತ್ಯಾಸವಿರಲಿಲ್ಲ. ಆದರೆ ಆಸ್ಪತ್ರೆ ಸೇರಿದವರಲ್ಲಿ, ಹಿಂದೆ ನೆಗಡಿಯ ಕೊರೊನಾ ಕಂಡಿದ್ದವರು ತೀವ್ರ ನಿಗಾ ಘಟಕಕ್ಕೆ ಹೋಗುವ ಮತ್ತು ಸಾವನ್ನಪ್ಪುವ ಪ್ರಮಾಣ ಕಡಿಮೆಯಿತ್ತು. ಚಕ್ರಪಾಣಿಯ ಮಾತಿನಲ್ಲಿ ಹೇಳುವುದಾದರೆ ರೋಗ ಹುಟ್ಟುವುದು ತಪ್ಪಲಿಲ್ಲ, ರೋಗದ ಬಲ ಮಾತ್ರ ಕುಗ್ಗಿತು.

ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಕೊರೊನಾ ರೋಗಿಗಳ ಮನೆಯಲ್ಲಿಯೇ ವಾಸವಿದ್ದ 52 ಮಂದಿಯನ್ನು ಗಮನಿಸಿದರು. ಅವರಲ್ಲಿ 26 ಮಂದಿಗೆ ಸೋಂಕು ತಗುಲಿತು, ಉಳಿದ 26 ಮಂದಿಗೆ ತಗುಲಲಿಲ್ಲ. ತಗುಲದೆ ಉಳಿದವರಲ್ಲಿ, ವೈರಾಣುವಿನ ಒಳಭಾಗಗಳನ್ನು ಗುರುತಿಸುವ ಟಿ ಜೀವಕೋಶಗಳು ಹೆಚ್ಚಾಗಿದ್ದವು. ಈ ಅಧ್ಯಯನ 2022ರ ಜನವರಿಯಲ್ಲಿ ಪ್ರಕಟವಾಯಿತು. ಇಲ್ಲಿ ಸೋಂಕನ್ನು ತಡೆದ ಸೂಚನೆಯೂ ಕಾಣುತ್ತದೆ. ಆದರೆ 52 ಮಂದಿ ಎಂಬುದು ಬಹಳ ಸಣ್ಣ ಸಂಖ್ಯೆ. ನೆಗಡಿಯನ್ನು ನಂಬಿ ಯಾರೂ ಲಸಿಕೆಯನ್ನು ಬಿಡಬಾರದೆಂದು ಆ ವಿಜ್ಞಾನಿಗಳೇ ಸ್ಪಷ್ಟಪಡಿಸಿದರು.

ಇದಕ್ಕೆ ವಿರುದ್ಧವಾದ ಸಾಕ್ಷ್ಯವೂ ಇದೆ. ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಮಹಾಮಾರಿಗೆ ಮುಂಚಿನ ರಕ್ತದಲ್ಲಿದ್ದ ನೆಗಡಿಯ ಪ್ರತಿಕಾಯಗಳನ್ನು ಅಳೆದು, ಅವು ಸೋಂಕನ್ನಾಗಲಿ ಆಸ್ಪತ್ರೆ ಸೇರುವುದನ್ನಾಗಲಿ ತಡೆಯಲಿಲ್ಲವೆಂದು 2021ರಲ್ಲಿ ವರದಿ ಮಾಡಿದರು. ಅಗಸೆಯ ತಳವಾರನಿಗೆ ಹೊಸ ಮುಖ ಗುರುತಾಗಲಿಲ್ಲ. ಜರ್ಮನಿಯ ಕೀಲ್ ನಗರದ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಳೆಯ ನೆನಪಿನ ಟಿ ಜೀವಕೋಶಗಳಲ್ಲಿ ಹಲವು ಹೊಸ ವೈರಾಣುವನ್ನು ಸಡಿಲವಾಗಿ ಮಾತ್ರ ಹಿಡಿಯುತ್ತವೆಂದೂ, ತೀವ್ರವಾಗಿ ನರಳಿದ ರೋಗಿಗಳಲ್ಲಿ ಇಂತಹ ಸಡಿಲ ಹಿಡಿತದ ಜೀವಕೋಶಗಳೇ ಹೆಚ್ಚಾಗಿದ್ದವೆಂದೂ ಅವರು ಕಂಡರು. ಅರ್ಧಂಬರ್ಧ ನೆನಪು ಎಲ್ಲ ವೇಳೆಯಲ್ಲಿಯೂ ನೆರವಾಗುತ್ತದೆಂದು ಹೇಳಲಾಗದು.

ಜನ್ಮತಃ ಬರುವ ಗುಣವೂ ಇಲ್ಲಿ ಕೆಲಸ ಮಾಡುತ್ತದೆ. 2023ರಲ್ಲಿ ಅಮೆರಿಕದ ವಿಜ್ಞಾನಿಗಳು, ಒಂದು ನಿರ್ದಿಷ್ಟ ವಂಶವಾಹಿ ಇರುವವರಿಗೆ ಕೊರೊನಾ ಸೋಂಕು ತಗುಲಿದರೂ ಲಕ್ಷಣಗಳೇ ಕಾಣಿಸದಿರುವ ಸಾಧ್ಯತೆ ಹೆಚ್ಚೆಂದು ತೋರಿಸಿದರು. ಅಂಥವರ ಟಿ ಜೀವಕೋಶಗಳು ನೆಗಡಿಯ ವೈರಾಣುವಿನಿಂದ ಕಲಿತದ್ದನ್ನು ಹೊಸ ವೈರಾಣುವಿನ ಮೇಲೆ ಚೆನ್ನಾಗಿ ಪ್ರಯೋಗಿಸಬಲ್ಲವು. ಒಂದೇ ಮನೆಯಲ್ಲಿ, ಒಂದೇ ಒಲೆಯ ಅಡುಗೆ ಉಂಡವರಲ್ಲಿ, ಒಬ್ಬರಿಗೆ ಏನೂ ಆಗದೆ ಇನ್ನೊಬ್ಬರು ಹಾಸಿಗೆ ಹಿಡಿದದ್ದಕ್ಕೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದು.

ಕರ್ನಾಟಕ ಕಂಡ ಪಾಠ

ಭಾರತದ ಮೊದಲ ಪ್ರಕರಣ 2020ರ ಜನವರಿ 30ರಂದು ಕೇರಳದ ತ್ರಿಶೂರಿನಲ್ಲಿ ದೃಢಪಟ್ಟಿತು. ಕೆಲವೇ ದಿನಗಳಲ್ಲಿ ಮೂರನೆಯ ಪ್ರಕರಣ ನಮ್ಮ ಗಡಿಗೆ ಹೊಂದಿದ ಕಾಸರಗೋಡು ಜಿಲ್ಲೆಯಲ್ಲಿ ವರದಿಯಾಯಿತು. ಮಾರ್ಚ್ ತಿಂಗಳಲ್ಲಿ ದೇಶದ ಮೊದಲ ಸಾವು ಕಲಬುರಗಿಯಲ್ಲಿ ಸಂಭವಿಸಿತು.

ಅನಂತರ ಬಂದ ಅಂಕಿಅಂಶಗಳು ಎಲ್ಲರನ್ನೂ ಯೋಚನೆಗೆ ಹಚ್ಚಿದವು. 2020ರ ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ರಾಜ್ಯದ ಹಳ್ಳಿ ಮತ್ತು ಪಟ್ಟಣಗಳಲ್ಲಿ ರಕ್ತಪರೀಕ್ಷೆ ನಡೆಸಿದ ಒಂದು ಅಧ್ಯಯನವು, ಹಳ್ಳಿಗಳಲ್ಲಿ ಶೇ. 44.1ರಷ್ಟು ಹಾಗೂ ಪಟ್ಟಣಗಳಲ್ಲಿ ಶೇ. 53.8ರಷ್ಟು ಜನರಲ್ಲಿ ಕೊರೊನಾ ಪ್ರತಿಕಾಯಗಳಿದ್ದವೆಂದು ಅಂದಾಜು ಮಾಡಿತು. ಸರ್ಕಾರವೇ ಸೆಪ್ಟೆಂಬರ್‌ನಲ್ಲಿ ಎಲ್ಲ ಜಿಲ್ಲೆಗಳಲ್ಲಿ ನಡೆಸಿದ ಸಮೀಕ್ಷೆಯ ಅಂದಾಜು ಅದಕ್ಕಿಂತ ಕಡಿಮೆ, ಶೇ. 27.3. ಪರೀಕ್ಷೆಯ ವಿಧಾನ, ಆರಿಸಿದ ಜನ ಬೇರೆ ಬೇರೆಯಾದ್ದರಿಂದ ಅಂಕಿಗಳೂ ಬೇರೆಯಾದವು. ಆದರೆ ಯಾವುದನ್ನು ಒಪ್ಪಿದರೂ, ಆಸ್ಪತ್ರೆಯ ಲೆಕ್ಕಕ್ಕೆ ಸಿಕ್ಕವರಿಗಿಂತ ಹಲವು ಪಟ್ಟು ಹೆಚ್ಚು ಜನರಿಗೆ ಸೋಂಕು ಬಂದು ಹೋಗಿತ್ತು. ಬಹುಪಾಲು ಜನರಿಗೆ ಅದು ಬಂದದ್ದೇ ತಿಳಿದಿರಲಿಲ್ಲ.

ಆಗ ಒಂದು ವಾದ ಬಲವಾಗಿ ಕೇಳಿಬಂದಿತು. ಧೂಳು, ನೀರು, ಜನಜಂಗುಳಿಗಳ ನಡುವೆ ಬೆಳೆದ ಭಾರತೀಯರು ಬಾಲ್ಯದಿಂದ ಕಂಡ ಸೋಂಕುಗಳೇ ಅವರನ್ನು ಕಾಪಾಡುತ್ತಿವೆ ಎಂಬುದೇ ಆ ವಾದ. ಅದರಲ್ಲಿ ಸ್ವಲ್ಪ ಸತ್ಯ ಇದ್ದಿರಲೂಬಹುದು. ಆದರೆ ನಮ್ಮ ಜನಸಂಖ್ಯೆಯಲ್ಲಿ ಯುವಕರ ಪಾಲು ದೊಡ್ಡದು, ಮನೆಯಲ್ಲಿಯೇ ಸಂಭವಿಸಿದ ಎಷ್ಟೋ ಸಾವುಗಳಿಗೆ ಕಾರಣ ದಾಖಲಾಗುವುದಿಲ್ಲ ಎಂಬ ಸಂಗತಿಗಳನ್ನು ಆ ವಾದ ಮರೆತಿತ್ತು.

2021ರ ಬೇಸಿಗೆ ಆ ನೆಮ್ಮದಿಯನ್ನು ಮುರಿಯಿತು. ಡೆಲ್ಟಾ ಎಂಬ ರೂಪಾಂತರಿ ಬಂದಿತು. ಮೇ 5ರಂದು ಒಂದೇ ದಿನ ಕರ್ನಾಟಕದಲ್ಲಿ 50,112 ಹೊಸ ಪ್ರಕರಣಗಳು ವರದಿಯಾದವು. ಆಮ್ಲಜನಕಕ್ಕಾಗಿ, ಹಾಸಿಗೆಗಾಗಿ ಜನ ಪರದಾಡಿದ್ದನ್ನು ದಾವಣಗೆರೆ, ಹರಿಹರಗಳೂ ಕಂಡವು. ಈ ಬಾರಿ ರೋಗವು ಹಳ್ಳಿಯ ಕೇರಿಕೇರಿಗೂ ನುಗ್ಗಿತು. ಹಿಂದಿನ ಬೇಸಿಗೆಯಲ್ಲಿ ಏನೂ ಆಗದವರ ಮನೆಗಳಲ್ಲಿ ಈ ಬೇಸಿಗೆಯಲ್ಲಿ ಸಾವುಗಳಾದವು. ನೆಗಡಿ ಕಂಡ ಶರೀರಗಳೇ ಅವೂ ಆಗಿದ್ದವು. ಅವರಲ್ಲಿ ಎಷ್ಟೋ ಮಂದಿ “ಇದು ಬರೀ ನೆಗಡಿ” ಎಂದು ಐದಾರು ದಿನ ಮನೆಯಲ್ಲಿಯೇ ಕಳೆದು, ಉಸಿರಾಟ ಕಷ್ಟವಾದ ಮೇಲೆ ಆಸ್ಪತ್ರೆಯ ದಾರಿ ಹಿಡಿದವರು. ಆ ಐದಾರು ದಿನಗಳ ಬೆಲೆಯನ್ನು ಈ ಭಾಗದ ಎಷ್ಟೋ ಕುಟುಂಬಗಳು ತೆತ್ತಿವೆ.

ನೆನಪಿಗೂ ಆಯುಷ್ಯವಿದೆ

ಹಳೆಯ ನೆಗಡಿಯ ರಕ್ಷಣೆ ಎಷ್ಟು ಕಾಲ ಬಾಳುತ್ತದೆ? ಮೇಲೆ ಹೇಳಿದ ಸಾಲಿಸ್‌ಬರಿಯ ಕೇಂದ್ರದಲ್ಲಿ ನಡೆದು 1990ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇಲ್ಲಿ ನೆನಪಿಗೆ ಬರುತ್ತದೆ. ತಾವಾಗಿ ಮುಂದೆ ಬಂದ 15 ಮಂದಿಯ ಮೂಗಿಗೆ 229ಇ ವೈರಾಣುವನ್ನು ಹಾಕಿದರು. ಒಂದು ವರ್ಷದ ನಂತರ ಅವರಲ್ಲಿ 14 ಮಂದಿಗೆ ಅದೇ ವೈರಾಣುವನ್ನು ಮತ್ತೆ ಕೊಟ್ಟರು. ಮೊದಲ ಸಲ ಸೋಂಕು ತಗುಲಿದ್ದವರಲ್ಲಿ ಹಲವರಿಗೆ ಎರಡನೆಯ ಸಲವೂ ಸೋಂಕು ತಗುಲಿತು, ಆದರೆ ಅವರಲ್ಲಿ ಒಬ್ಬರಿಗೂ ನೆಗಡಿಯ ಲಕ್ಷಣ ಕಾಣಿಸಲಿಲ್ಲ. ಅದೇ ವೈರಾಣುವಿನ ನೆನಪೇ ಒಂದು ವರ್ಷದಲ್ಲಿ ಸೋಂಕನ್ನು ತಡೆಯಲಾರದಷ್ಟು ಮಸುಕಾಗಿತ್ತು, ರೋಗವನ್ನು ಹಗುರಗೊಳಿಸುವಷ್ಟು ಮಾತ್ರ ಉಳಿದಿತ್ತು. ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ಹತ್ತು ಜನರ ದಶಕಗಳ ಕಾಲದ ರಕ್ತದ ಮಾದರಿಗಳನ್ನು ಪರೀಕ್ಷಿಸಿ, ನೆಗಡಿಯ ಕೊರೊನಾಗಳು ಒಂದು ವರ್ಷ ಕಳೆದ ಮೇಲೆ ಮತ್ತೆ ಮತ್ತೆ ತಗುಲುತ್ತವೆಂದು 2020ರಲ್ಲಿ ತೋರಿಸಿದರು. ಅದೇ ವೈರಾಣುವಿನ ವಿಷಯ ಹೀಗಿರುವಾಗ, ಅದರ ದೂರದ ದಾಯಾದಿಯನ್ನು ಎದುರಿಸುವಲ್ಲಿ ಈ ನೆನಪನ್ನು ಎಷ್ಟು ನಂಬಬಹುದೆಂದು ಓದುಗರೇ ಊಹಿಸಬಹುದು.

ವಯಸ್ಸಿನ ಪ್ರಭಾವವೂ ಕಡೆಗಣಿಸುವಂಥದ್ದಲ್ಲ. ಮಕ್ಕಳಿಗೆ ನೆಗಡಿ ಪದೇ ಪದೇ ಬರುತ್ತದೆ. ಲಂಡನ್ನಿನ ಕ್ರಿಕ್ ಸಂಸ್ಥೆಯವರು ಹೊಸ ಕೊರೊನಾ ಕಾಣದ ಮಕ್ಕಳ ರಕ್ತದಲ್ಲಿಯೂ ಅದನ್ನು ಗುರುತಿಸುವ ಪ್ರತಿಕಾಯಗಳನ್ನು ದೊಡ್ಡವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಕಂಡರು. ವಯಸ್ಸಾದಂತೆ ಹೊಸ ಟಿ ಜೀವಕೋಶಗಳ ಉತ್ಪತ್ತಿ ಕುಗ್ಗುತ್ತದೆ. ಜೀವನದಲ್ಲಿ ಹೆಚ್ಚು ನೆಗಡಿ ಕಂಡವರು ವೃದ್ಧರು. ಕೊರೊನಾದಿಂದ ಹೆಚ್ಚಾಗಿ ಸತ್ತವರೂ ವೃದ್ಧರೇ. ನೆಗಡಿಗಳ ಎಣಿಕೆಯೊಂದೇ ರಕ್ಷೆಯಾಗಿದ್ದರೆ ಹೀಗಾಗುತ್ತಿರಲಿಲ್ಲ.

ಯುಕ್ತಿಯಿಂದ ಗಳಿಸುವ ಬಲ

ಚರಕನು ಬಲವನ್ನು ಮೂರು ಬಗೆಯಾಗಿ ಹೇಳಿದ್ದಾನೆ. ಹುಟ್ಟಿನಿಂದ ಬರುವ ಸಹಜ ಬಲ, ಋತು ಮತ್ತು ವಯಸ್ಸಿನಿಂದ ಬರುವ ಕಾಲಜ ಬಲ, ಆಹಾರ ವಿಹಾರಾದಿ ಉಪಾಯಗಳಿಂದ ಗಳಿಸುವ ಯುಕ್ತಿಕೃತ ಬಲ. ಮೊದಲ ಎರಡರ ಮೇಲೆ ನಮ್ಮ ಹಿಡಿತವಿಲ್ಲ. ಮೂರನೆಯದು ನಮ್ಮ ಕೈಯಲ್ಲಿದೆ. ನನ್ನ ದೃಷ್ಟಿಯಲ್ಲಿ ಲಸಿಕೆಯೂ ಯುಕ್ತಿಕೃತ ಬಲವೇ. ನೆಗಡಿ ಆಕಸ್ಮಿಕವಾಗಿ, ಅರೆಬರೆಯಾಗಿ ಕಲಿಸುವ ಪಾಠವನ್ನು ಲಸಿಕೆಯು ಸರಿಯಾದ ಗುರುತಿನೊಡನೆ ಕಲಿಸುತ್ತದೆ. ನಮ್ಮ ದೇಶದಲ್ಲಿ 2021ರ ಜನವರಿ 16ರಿಂದ ಲಸಿಕೆ ನೀಡಲಾರಂಭಿಸಿದರು. 2022ರ ಜನವರಿಯಲ್ಲಿ ಓಮಿಕ್ರಾನ್ ಅಲೆ ಬಂದಾಗ ಸೋಂಕು ಬಹಳ ಜನರಿಗೆ ತಗುಲಿದರೂ ಸಾವು ಹಿಂದಿನ ವರ್ಷದಷ್ಟಾಗಲಿಲ್ಲ. ಅದಕ್ಕೆ ರೂಪಾಂತರಿಯ ಸ್ವಭಾವ, ಹಿಂದಿನ ಸೋಂಕು, ಲಸಿಕೆ ಮೂರೂ ಕಾರಣ. ಆಯುರ್ವೇದ ವೈದ್ಯನಾಗಿ ನಾನು ಲಸಿಕೆಯ ಪರವಾಗಿ ಮಾತನಾಡಿದರೆ ಕೆಲವರು ಹುಬ್ಬೇರಿಸುತ್ತಾರೆ. ರೋಗಿಯ ಹಿತಕ್ಕೆ ಯಾವುದು ಒದಗುತ್ತದೋ ಅದನ್ನು ಹೇಳುವುದೇ ವೈದ್ಯಧರ್ಮ.

ಇನ್ನೂ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ನೆಗಡಿಯಿಂದ ರಕ್ಷಣೆ ದೊರೆಯುವುದಾದರೆ ಮಕ್ಕಳಿಗೆ ನೆಗಡಿ ಬರಲಿ ಬಿಡಿ ಎಂದು ಕೆಲವರು ಹೇಳುತ್ತಾರೆ. ಬಂದ ನೆಗಡಿಗೆ ಕಾರಣ ಕೊರೊನಾ ಬಳಗವೋ ರೈನೋವೈರಸ್ಸೋ ಎಂಬುದು ನಮಗೆ ಗೊತ್ತಾಗುವುದಿಲ್ಲ. ಅಸ್ತಮಾ ಇರುವ ಮಗುವಿಗೆ, ಮನೆಯಲ್ಲಿರುವ ಅಜ್ಜ ಅಜ್ಜಿಯರಿಗೆ ಅದೇ ನೆಗಡಿ ದೊಡ್ಡ ಕಾಯಿಲೆಯಾಗಬಹುದು. ನಿರ್ಲಕ್ಷಿಸಿದ ಪ್ರತಿಶ್ಯಾಯದಿಂದ ಕಾಸ, ಕಾಸದಿಂದ ಕ್ಷಯ ಎಂದು ರೋಗವು ಬೆಳೆಯುವ ಕ್ರಮವನ್ನು ಚರಕನೇ ಎಚ್ಚರಿಸಿದ್ದಾನೆ. ನೆಗಡಿಯನ್ನು ಬೇಕೆಂದು ಬರಮಾಡಿಕೊಳ್ಳುವುದು ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ.

ಭಕ್ತಾದಿಗಳು ಪಾಲಿಸಬೇಕಾದದ್ದು

ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಕೊರೊನಾ ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿತು. ವೈರಾಣು ಮಾತ್ರ ನಮ್ಮ ನಡುವೆಯೇ ಇದೆ. ಇಂದು ಬರುವ ನೆಗಡಿ ಯಾವುದೆಂದು ಮುಖ ನೋಡಿ ಹೇಳಲಾಗದು. ಆದುದರಿಂದ ಕೆಲವು ಸೂಚನೆಗಳನ್ನು ಕ್ರಮವಾಗಿ ಬರೆಯುತ್ತೇನೆ.

ನೆಗಡಿ, ಗಂಟಲು ನೋವು ಆರಂಭವಾದಾಗ ವಿಶ್ರಾಂತಿ ಪಡೆಯಿರಿ. ಬಿಸಿನೀರನ್ನು ಆಗಾಗ ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ. ಗಂಜಿ, ಹೆಸರುಬೇಳೆಯ ತಿಳಿಸಾರು, ಮೆಣಸಿನ ಸಾರುಗಳಂತಹ ಹಗುರವಾದ ಬಿಸಿ ಆಹಾರ ಸಾಕು. ರಾತ್ರಿ ಜಾಗರಣೆ, ಹೊಗೆ, ಧೂಳುಗಳನ್ನು ಪ್ರತಿಶ್ಯಾಯದ ಕಾರಣಗಳೆಂದು ಶಾಸ್ತ್ರ ಹೇಳಿದೆ. ಮಂಡಕ್ಕಿ ಭಟ್ಟಿಗಳಲ್ಲಿ, ಕಣದಲ್ಲಿ ದುಡಿಯುವವರು ಆ ದಿನಗಳಲ್ಲಿ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

ಶುಂಠಿ, ಮೆಣಸು, ತುಳಸಿಗಳ ಕಷಾಯವನ್ನು ದಿನಕ್ಕೆ ಒಂದೆರಡು ಬಾರಿ ಹಿತಮಿತವಾಗಿ ಸೇವಿಸಬಹುದು. ಇದು ಗಂಟಲಿಗೆ ಹಿತ ನೀಡುತ್ತದೆ, ಕೊರೊನಾವನ್ನು ಗುಣಪಡಿಸುವುದಿಲ್ಲ. ಮಹಾಮಾರಿಯ ಕಾಲದಲ್ಲಿ ದಿನವಿಡೀ ಖಾರದ ಕಷಾಯ ಕುಡಿದು ಹೊಟ್ಟೆಯುರಿ ತಂದುಕೊಂಡವರು ಬಹಳ. ಹುಳಿತೇಗು, ಹೊಟ್ಟೆಹುಣ್ಣು ಇರುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಸಕ್ಕರೆ ಕಾಯಿಲೆಯವರು ಬೆಲ್ಲ, ಲೇಹ್ಯಗಳ ವಿಷಯದಲ್ಲಿ ಎಚ್ಚರ ವಹಿಸಬೇಕು. ಒಂದು ವರ್ಷದೊಳಗಿನ ಶಿಶುಗಳಿಗೆ ಜೇನುತುಪ್ಪ ನೆಕ್ಕಿಸಬಾರದು. ಮಕ್ಕಳನ್ನು ಕುದಿಯುವ ನೀರಿನ ಪಾತ್ರೆಯ ಬಳಿ ಕೂರಿಸಿ ಹಬೆ ಕೊಡಬಾರದು, ಮೈ ಸುಟ್ಟುಕೊಳ್ಳುವ ಅಪಾಯವಿದೆ.

ಔಷಧಿ ಅಂಗಡಿಯಿಂದ ತಾವಾಗಿಯೇ ಆಂಟಿಬಯೋಟಿಕ್, ಸ್ಟಿರಾಯ್ಡ್ ಮಾತ್ರೆಗಳನ್ನು ತಂದು ನುಂಗಬೇಡಿ. ಆಂಟಿಬಯೋಟಿಕ್ ವೈರಾಣುವನ್ನು ಕೊಲ್ಲುವುದಿಲ್ಲ. ಸ್ಟಿರಾಯ್ಡ್ ಕೆಲವು ಹಂತದಲ್ಲಿ ಜೀವ ಉಳಿಸುತ್ತದೆ, ಆದರೆ ಬೇಡದ ಹಂತದಲ್ಲಿ ಹಾನಿ ಮಾಡುತ್ತದೆ. ಅದನ್ನು ನಿರ್ಧರಿಸುವವರು ವೈದ್ಯರೇ ಆಗಿರಬೇಕು.

ಮೂರು ದಿನ ಕಳೆದರೂ ಜ್ವರ ಇಳಿಯದಿದ್ದರೆ, ನಡೆದಾಗ ಏದುಸಿರು ಬಂದರೆ, ಎದೆ ಬಿಗಿದರೆ, ವೃದ್ಧರು ಮಂಕಾಗಿ ಊಟ ಬಿಟ್ಟರೆ, ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ಆಮ್ಲಜನಕದ ಅಂಕಿ 94ಕ್ಕಿಂತ ಕೆಳಗಿಳಿದರೆ, ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆಳಗಾಗಲಿ, ಬಸ್ಸು ಬರಲಿ ಎಂದು ಕಾಯಬಾರದು. ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯ ಮತ್ತು ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ಮೊದಲ ದಿನವೇ ವೈದ್ಯರಿಗೆ ತಿಳಿಸುವುದು ಲೇಸು. ಲಸಿಕೆಯ ಬಗ್ಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ಅವರ ಸಲಹೆಯಂತೆ ನಡೆಯಿರಿ.

ಮಠದ ಪರಿಸರಕ್ಕೂ ಒಂದು ಮಾತು. ಜ್ವರವೂ ಸೇರಿದಂತೆ ಕೆಲವು ರೋಗಗಳು ಸ್ಪರ್ಶದಿಂದ, ಉಸಿರಿನಿಂದ, ಸಹಭೋಜನದಿಂದ, ಒಬ್ಬರ ಹಾಸಿಗೆ ಬಟ್ಟೆಗಳನ್ನು ಇನ್ನೊಬ್ಬರು ಬಳಸುವುದರಿಂದ ಹರಡುತ್ತವೆಂದು ಸುಶ್ರುತನು ಹೇಳಿದ್ದಾನೆ. ಜಾತ್ರೆ, ರಥೋತ್ಸವ, ಸಾಮೂಹಿಕ ಪ್ರಸಾದದ ದಿನಗಳಲ್ಲಿ ನೆಗಡಿ ಜ್ವರ ಇರುವವರು ಮನೆಯಲ್ಲಿಯೇ ಉಳಿದು ಇಷ್ಟಲಿಂಗ ಪೂಜೆ ಮಾಡಿಕೊಂಡರೆ ಭಕ್ತಿಗೆ ಕೊರತೆಯಾಗದು. ಬರಲೇಬೇಕಾದವರು ಮಾಸ್ಕ್ ಧರಿಸಲಿ. ದಾಸೋಹದಲ್ಲಿ ಅಡುಗೆ ಮಾಡುವ, ಬಡಿಸುವ ಸೇವೆಗೆ ನಿಂತವರಿಗೆ ಕೆಮ್ಮು ನೆಗಡಿ ಇದ್ದರೆ ಆ ದಿನ ಬೇರೆಯವರಿಗೆ ಸೇವೆಯನ್ನು ಬಿಟ್ಟುಕೊಡಲಿ. ಪಂಕ್ತಿಯಲ್ಲಿ ಕುಳಿತ ಎಂಬತ್ತರ ಅಜ್ಜಿಗೆ ಅವರು ಸಲ್ಲಿಸುವ ಸೇವೆಯೇ ಅದು.

ಲೇಖನದ ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಇಷ್ಟು ಉತ್ತರ ಹೇಳಬಹುದು. ಹಳೆಯ ನೆಗಡಿಯ ನೆನಪು ಶರೀರದಲ್ಲಿ ಉಳಿದಿರುವುದು ನಿಜ. ಕೆಲವರಿಗೆ ಅದು ಕೊರೊನಾದ ಬಲವನ್ನು ಕುಗ್ಗಿಸಿರುವ ಸಾಧ್ಯತೆಯಿದೆ. ಸೋಂಕೇ ತಗುಲದಂತೆ ಅದು ತಡೆಯುತ್ತದೆಂದು ನಂಬಲು ಸಾಕಷ್ಟು ಆಧಾರವಿಲ್ಲ. ಅದು ಯಾರ ಮೈಯಲ್ಲಿ ಎಷ್ಟಿದೆ, ಯಾವ ದಿನ ಕೈಕೊಡುತ್ತದೆ ಎಂದು ಹೇಳುವ ಪರೀಕ್ಷೆ ನಮ್ಮ ಊರಿನ ಯಾವ ಪ್ರಯೋಗಾಲಯದಲ್ಲಿಯೂ ಇಲ್ಲ. ಆದ್ದರಿಂದ ಮುಂದಿನ ಬಾರಿ ಮನೆಯ ಹಿರಿಯರು “ಇದು ಬರೀ ನೆಗಡಿ, ಬಿಡು” ಎಂದಾಗ ಮಕ್ಕಳು ಮೊಮ್ಮಕ್ಕಳು ಒಂದು ಆಕ್ಸಿಮೀಟರ್ ತಂದು ಅವರ ಬೆರಳಿಗಿಟ್ಟು ನೋಡಲಿ, ಸಂದೇಹವಿದ್ದರೆ ಅದೇ ದಿನ ವೈದ್ಯರ ಬಳಿಗೆ ಕರೆತರಲಿ.